ಡಾಕ್ಟರಮ್ಮನ ಮನೆಯ ಬಿಸಿನೀರು

ಗುಂಡಿಯಮ್ಮ ಎಂದು ಅವಳಿಗೆ ಹೆಸರಿಟ್ಟವರು ದರ್ಜಿ ಅಂಗಡಿಯವರು. ಅಂಗಿ ಹೊಲಿಯುವವರು ಬೇರೆ. ಕಾಜಾ ಮಾಡಿ ಗುಂಡಿ ಹಚ್ಚುವವಳು ಇವಳು. ಗಂಡ ದವಾಖಾನೆಗಳಿಗೆ ಹತ್ತಿ, ಔಷಧಿ, ಕೈಗವಸುಗಳ ಡಬ್ಬ ತಲುಪಿಸುವ ಕೆಲಸದವನು. ಇಬ್ಬರೂ ದುಡಿಯುವವರೇ, ಆದರೆ ಇದ್ದದ್ದು ಅತ್ತೆಯ ಮನೆಯ ನಡುಕೋಣೆಯಲ್ಲಿ. ಆ ಕೋಣೆಗೆ ಬಾಗಿಲಿರಲಿಲ್ಲ, ಪರದೆ ಇತ್ತು. ಪರದೆಯ ಆಚೆ ಅತ್ತೆ. ಆಕೆಯ ಕಿವಿ ಎಂಥದ್ದೆಂದರೆ, ಈಚೆ ಇವಳು ಮಗ್ಗುಲು ಬದಲಿಸಿದರೆ ಆಚೆಯಿಂದ "ಏನಾಯ್ತೇ?" ಎಂಬ ವಿಚಾರಣೆ ಬರುತ್ತಿತ್ತು. ಹೀಗಿದ್ದ ಮೇಲೆ ಗಂಡ ಹೆಂಡತಿ ಏನು ಮಾತಾಡಿಯಾರು, ಏನು ನಕ್ಕಾರು! ಮದುವೆಯಾಗಿ ಒಂಬತ್ತು ವರ್ಷವಾಗಿದ್ದರೂ, ಗಂಡ ಎಂಬುವನು ಅವಳಿಗೆ ಬೆಳಿಗ್ಗೆ ಹೋಗಿ ಸಂಜೆ ಬರುವ ಒಬ್ಬ ಸಭ್ಯ ಮನುಷ್ಯ, ಅಷ್ಟೇ.

ಅದಕ್ಕೇ, ಒಂದು ಸಂಜೆ ಅವನು ಬಂದು ಈ ಮಾತು ಹೇಳಿದಾಗ ಅವಳಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ.

"ಹಲ್ಲಿನ ಡಾಕ್ಟರಮ್ಮ ಇದ್ದಾರಲ್ಲ, ನಾನು ಡಬ್ಬ ಕೊಡೋ ದವಾಖಾನೆಯವರು? ಒಂದು ತಿಂಗಳು ಯಾವುದೋ ತರಬೇತಿಗೆ ಪರ ಊರಿಗೆ ಹೋಗ್ತಾರಂತೆ. ಒಂಟಿ ಹೆಂಗಸು. ಮನೇಲಿ ಇದ್ದು ನೋಡ್ಕೊಳ್ಳೋಕೆ ನಂಬಿಕಸ್ತರು ಬೇಕಂತೆ. ನಾವಿಬ್ಬರೂ ಹೋಗಿ ಇರೋಣ್ವಾ?"

"ದೊಡ್ಡ ಮನೇನಾ ರೀ?"

"ನಂಗೇನು ಗೊತ್ತು? ಗೇಟಿನ ಒಳಗೆ ಕಾಲಿಟ್ಟೋನಲ್ಲ ನಾನು. ಬೀಗದ ಕೈ ದವಾಖಾನೇಲೇ ಕೊಟ್ರು."

ಹೋದರು. ಮನೆ ದೊಡ್ಡದೇ. ಎಲ್ಲ ಬಿಳಿ. ಗೋಡೆ ಬಿಳಿ, ನೆಲ ಬಿಳಿ, ಕಪಾಟು ಬಿಳಿ. ಡಾಕ್ಟರಮ್ಮ ಮನೆಯನ್ನೂ ಹಲ್ಲು ಎಂದೇ ತಿಳಿದಂತಿತ್ತು. ಒಂದು ಕಪಾಟಿಗೂ ಹಿಡಿಯಿಲ್ಲ. ಎಲ್ಲಿ ಗೋಡೆ ಮುಗಿಯಿತು, ಎಲ್ಲಿ ಕಪಾಟು ಶುರುವಾಯಿತು ಎಂದು ತಿಳಿಯುವ ಹಾಗಿರಲಿಲ್ಲ. ಒಲೆಯೋ, ಬರೀ ಕಪ್ಪು ಗಾಜು. ಅದಕ್ಕೆ ತಿರುಗಿಸುವ ಕಿವಿಯಿಲ್ಲ, ಒತ್ತುವ ಗುಂಡಿಯಿಲ್ಲ, ಬೆಂಕಿಯಂತೂ ಇಲ್ಲವೇ ಇಲ್ಲ. ಮನೆಯಿಂದ ತಂದಿದ್ದ ಅಲ್ಯೂಮಿನಿಯಂ ಪಾತ್ರೆಯನ್ನು ಅದರ ಮೇಲಿಟ್ಟರೆ ಒಲೆಯೇ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿಕೊಂಡಿತು. ಗಂಡ ಒಂದು ಬೆರಳಿಟ್ಟು ನೋಡಿ ಹಿಂದಕ್ಕೆ ಹಾರಿದ. "ಇದು ಒಲೆಯೋ, ಮುಖ ನೋಡೋ ಕನ್ನಡಿಯೋ!" ಅಂದ. ಆ ದಿನ ಇಬ್ಬರೂ ಬ್ರೆಡ್ಡು ಬಾಳೆಹಣ್ಣು ತಿಂದು ಮಲಗಿದರು.

ಮಾರನೇ ಬೆಳಿಗ್ಗೆ ಇನ್ನೊಂದು ಅವಾಂತರ. ಗುಂಡಿಯಮ್ಮ ಹುಟ್ಟಿದಾಗಿನಿಂದ ಕಂಡ ಶುಚಿ ಎಂದರೆ ನೀರು. ಎರಡು ಬಕೆಟ್ ಸುರಿದು, ಪೊರಕೆಯಲ್ಲಿ ಬರಬರ ಉಜ್ಜಿ ತಳ್ಳಿದರೆ ನೆಲ ತೊಳೆದಂತೆ. ಡಾಕ್ಟರಮ್ಮನ ಬಚ್ಚಲಲ್ಲಿ ಸ್ನಾನಕ್ಕೆಂದು ಮಾಡಿದ ಗಾಜಿನ ಗೂಡಿನ ಒಳಗೆ ಮಾತ್ರ ನೀರು ಹೋಗುವ ದಾರಿ. ಇವಳು ಸುರಿದದ್ದು ಗೂಡಿನ ಹೊರಗೆ. ಆ ನೀರು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಕರೆಯದೆ ಬಂದ ನೆಂಟರ ಹಾಗೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಮೆಲ್ಲಗೆ ಮಲಗುವ ಕೋಣೆಯ ಜಮಖಾನದ ಕಡೆ ಹೊರಟಿತು. ಇವಳು ಕೂಗಿಕೊಂಡಳು. ಗಂಡ ಓಡಿ ಬಂದ. ಇಬ್ಬರೂ ಮಂಡಿಯೂರಿ ಕುಳಿತು, ಕೈಗೆ ಸಿಕ್ಕ ಟವೆಲ್ಲುಗಳಲ್ಲಿ ನೀರು ಹೀರಿಸಿ ಹೀರಿಸಿ ಹಿಂಡಿದರು. ತಲೆಗೆ ತಲೆ ತಾಗಿತು. ಇವಳಿಗೆ ನಗು ಬಂತು. ಅವನಿಗೂ ಬಂತು. ಆಚೆಯಿಂದ "ಏನಾಯ್ತೇ?" ಎನ್ನಲು ಯಾರೂ ಇರಲಿಲ್ಲವಾದ್ದರಿಂದ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಡಾಕ್ಟರಮ್ಮ ದಿನಾ ಬೆಳಿಗ್ಗೆ ಫೋನು ಮಾಡುತ್ತಿದ್ದಳು, ಗುಂಡಿಯಮ್ಮನಿಗೇ. ದನಿ ಜೇನುತುಪ್ಪ. ಸಿಂಕಿನಲ್ಲಿ ಒಂದು ಹನಿ ನೀರೂ ನಿಲ್ಲಬಾರದಮ್ಮಾ, ಕಲೆಯಾಗುತ್ತೆ. ಪಾತ್ರೆ ಒರೆಸಿ ಒಳಗಿಡಬೇಕಮ್ಮಾ, ಹೊರಗೆ ಕಾಣಬಾರದು. ಸ್ನಾನವಾದ ಮೇಲೆ ಗಾಜು ಒರೆಸಲೇಬೇಕಮ್ಮಾ. ಎರಡನೆಯ ದಿನ ಇವಳು ಧೈರ್ಯ ಮಾಡಿ ಒಲೆಯ ವಿಷಯ ಕೇಳಿದಳು. "ಅಯ್ಯೋ, ಅದೂ ಗೊತ್ತಿಲ್ವಾ?" ಎಂದು ಆ ಕಡೆ ಸಣ್ಣಗೆ ನಕ್ಕು, ಕೆಳಗಿನ ಕಪಾಟಿನಲ್ಲಿರುವ ದಪ್ಪ ತಳದ ಪಾತ್ರೆಗಳನ್ನೇ ಇಡಬೇಕೆಂದು ಹೇಳಿಕೊಟ್ಟಳು. ಒಲೆ ಹತ್ತಿತು. ಇವಳ ಮುಖ ಮಾತ್ರ ಸಂಜೆಯವರೆಗೂ ಉರಿಯಿತು.

"ಇನ್ನೇನೂ ಕೇಳ್ಬೇಡ ಕಣೇ," ಅಂದ ಗಂಡ. "ಗಮಾರರು ಅನ್ಕೋತಾರೆ. ನಾವೇ ಹುಡುಕ್ಕೊಳ್ಳೋಣ."

ಎಲ್ಲವನ್ನೂ ಒಂದೊಂದಾಗಿ ಹುಡುಕಿಕೊಂಡರು. ಬಿಸಿನೀರು ಮಾತ್ರ ಸಿಗಲಿಲ್ಲ. ಬಚ್ಚಲ ನಲ್ಲಿಯನ್ನು ಎಡಕ್ಕೆ ತಿರುಗಿಸಿದರೂ ತಣ್ಣೀರು, ಬಲಕ್ಕೆ ತಿರುಗಿಸಿದರೂ ತಣ್ಣೀರು. ಚಳಿಗಾಲ ಬೇರೆ. ಎಲ್ಲೋ ಒಂದು ಸ್ವಿಚ್ ಇರಲೇಬೇಕೆಂದು ಇಬ್ಬರೂ ಗೋಡೆ ತಡವಿಕೊಂಡು ಇಡೀ ಮನೆ ಸುತ್ತಿದರು. ಮಂಚದ ಕೆಳಗೂ ನೋಡಿದರು. ಒಲೆಯ ಮೇಲೆ ಕಾಯಿಸಿ ಹೊತ್ತುಕೊಂಡು ಹೋಗೋಣವೆಂದರೆ ಬಿಳಿ ನೆಲದ ಮೇಲೆ ತುಳುಕಿಸಲು ಅವಳಿಗೆ ಧೈರ್ಯವಿಲ್ಲ. ಕೊನೆಗೆ ತಣ್ಣೀರೇ ಗತಿಯಾಯಿತು.

ಆ ಸ್ನಾನವೇ ಒಂದು ಆಟವಾಗಿ ಹೋಯಿತು. ಮೊದಲು ಅವಳು ಹೋಗುವಳು. ಅವನು ಬಾಗಿಲಾಚೆ ನಿಂತು "ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು, ಇಳೀ ಇಳೀ!" ಎಂದು ಕೂಗುವನು. ಅವಳು ಕಿರುಚುತ್ತಾ ಎರಡು ಚೊಂಬು ಹುಯ್ದುಕೊಂಡು ಓಡಿ ಬರುವಳು. ಆಮೇಲೆ ಅವನ ಸರದಿ. ಹೋಗುವ ಮುಂಚೆ "ಒಂದು ಲೋಟ ನೀರು ಕುಡಿದು ಧೈರ್ಯ ತಗೋತೀನಿ" ಎಂದು ಅಡುಗೆಮನೆಗೆ ಹೋಗಿ ಬರುವನು. ಒಳಗಿನಿಂದ ಅವನ ಆರ್ಭಟ ಕೇಳಿ ಅವಳು ಬಿದ್ದು ಬಿದ್ದು ನಗುವಳು. ಹುಟ್ಟಿದಾಗಿನಿಂದ ಕುಡಿದ ಲೋಟ ತೊಳೆಯದ ಗಂಡಸು, ಇಲ್ಲಿ ಸ್ನಾನವಾದ ಮೇಲೆ ಗಾಜನ್ನೆಲ್ಲ ಚೊಕ್ಕಟವಾಗಿ ಒರೆಸಿಯೇ ಹೊರಗೆ ಬರುತ್ತಿದ್ದ. ಅವಳಿಗೆ ಹೆಮ್ಮೆಯೋ ಹೆಮ್ಮೆ. ಹಲ್ಲು ಕಟಕಟ ಎನ್ನಿಸುತ್ತಾ ಬಂದವನು ಅವಳನ್ನು ಸೇರಿಸಿ ಒಂದೇ ಕಂಬಳಿ ಹೊದ್ದುಕೊಂಡು ಕಿಟಕಿಯ ಬಿಸಿಲಿಗೆ ಕೂರುತ್ತಿದ್ದ. "ನಿಮ್ಮ ಮೈ ಎಷ್ಟು ಬೆಚ್ಚಗಿದೆ ರೀ," ಎಂದು ಅವಳು ಒತ್ತಿಕೊಂಡರೆ, "ಗಂಡಸರ ಮೈಯೇ ಹಂಗೆ," ಅನ್ನುತ್ತಿದ್ದ.

ಆ ಕಂಬಳಿಯೊಳಗೆ ಅವರು ಮಾತಾಡಿದರು. ಚಿಕ್ಕಂದಿನಲ್ಲಿ ಅಪ್ಪನ ಚಪ್ಪಲಿ ಮಾರಿ ಗಾಳಿಪಟ ಕೊಂಡ ಕತೆಯನ್ನು ಅವನು ಹೇಳಿದ. ದರ್ಜಿ ಅಂಗಡಿಯಲ್ಲಿ ಗಿರಾಕಿಗಳ ಹೊಟ್ಟೆ ನೋಡಿ ಗುಂಡಿ ಎಲ್ಲಿ ಕಿತ್ತು ಬರುತ್ತದೆಂದು ತಾನು ಮೊದಲೇ ಹೇಳಬಲ್ಲೆನೆಂದು ಅವಳು ಹೇಳಿದಳು. ಒಂದು ದಿನ ಅವನು, ಅವಳ ಒದ್ದೆ ಕೂದಲಿನ ಮೇಲೆ ಗಲ್ಲವಿಟ್ಟು, "ಇಲ್ಲಿಂದ ಹೋದ್ಮೇಲೆ ನಾವೇ ಒಂದು ಮನೆ ಮಾಡೋಣ ಕಣೇ. ಒಂದೇ ಕೋಣೆ ಆದ್ರೂ ಸಾಕು, ಬಾಗಿಲಿರ್ಬೇಕು," ಅಂದ. ಗುಂಡಿಯಮ್ಮ ಕಂಬಳಿಯ ಅಂಚನ್ನು ಇಬ್ಬರ ಮೇಲೂ ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಒಂಬತ್ತು ವರ್ಷದ ಮೇಲೆ ಗಂಡ ಸಿಕ್ಕಿದ್ದ. ಅವನನ್ನು ಬಾಗಿಲಿರುವ ಒಂದು ಕೋಣೆಗೆ ಜೋಪಾನವಾಗಿ ಕರೆದುಕೊಂಡು ಹೋಗಿಬಿಟ್ಟರೆ ಅವಳಿಗೆ ಬೇರೇನೂ ಬೇಡವಾಗಿತ್ತು.

ಹೀಗೆ ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವಳು ಹಿತ್ತಲಿನ ಕುಂಡಗಳಿಗೆ ನೀರು ಹಾಕಿ, ಕೆಸರಾದ ಚಪ್ಪಲಿಯನ್ನು ಹಿಂಬಾಗಿಲ ಮೆಟ್ಟಿಲಲ್ಲಿ ಬಿಟ್ಟು ಅಡುಗೆಮನೆಗೆ ಬಂದಳು. ಕೆಲಸಕ್ಕೆ ಹೊರಟಿದ್ದ ಗಂಡ ಗೇಟಿನ ಬಳಿ ಬೈಕಿನ ಚೈನು ಕಳಚಿಕೊಂಡದ್ದನ್ನು ಸರಿಮಾಡಿ, ಎರಡೂ ಕೈ ಕರ್ರಗೆ ಮಾಡಿಕೊಂಡು ಒಳಗೆ ಬಂದ. ಫೋನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಕೊಂಡಿತ್ತು. ಆ ಕಡೆ ಗೋದಾಮಿನ ಮೇಸ್ತ್ರಿ, ಯಾವುದೋ ಡಬ್ಬ ತಪ್ಪಿ ಹೋದ ಜಗಳ. "ನಾನು ಕೊಟ್ಟಿದ್ದೇ ಅಲ್ಲಿಗೆ ಸ್ವಾಮೀ! ಕೇಳಿ ನೋಡಿ!" ಎಂದು ಕೂಗುತ್ತಲೇ ಸಿಂಕಿನ ಮುಂದೆ ಬಂದು ನಿಂತ. ಮಂಡಿಯಿಂದ ಪಕ್ಕದ ಹಲಗೆಯನ್ನು ಒಮ್ಮೆ ತಟ್ಟಿದ. ಇವಳು ಅಷ್ಟು ದಿನ ಗೋಡೆ ಎಂದುಕೊಂಡಿದ್ದು ಟಕ್ಕನೆ ತೆರೆದುಕೊಂಡಿತು. ನೋಡದೆಯೇ ಎಡಗೈಯ ಕಿರುಬೆರಳನ್ನು ಒಳಗೆ ಹಾಕಿದ. ಒಳಗೆಲ್ಲೋ ಕೆಂಪು ದೀಪ ಹತ್ತಿತು. ಮೊಣಕೈಯಿಂದ ನಲ್ಲಿ ಎತ್ತಿದ. ಕೈ ತೊಳೆಯತೊಡಗಿದ.

ನಲ್ಲಿಯಿಂದ ಹಬೆ ಎದ್ದಿತು.

ಗುಂಡಿಯಮ್ಮನ ಕೈಯಲ್ಲಿ ಖಾಲಿ ಚೊಂಬು. ಅವನು ಆಗಲೇ ಅವಳನ್ನು ನೋಡಿದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಏನೂ ಅನ್ನುವ ಮುಂಚೆಯೇ ಅವನು ನಲ್ಲಿ ನಿಲ್ಲಿಸಿ ಹಲಗೆ ಮುಚ್ಚಿದ. ಫೋನಿಟ್ಟ.

"ಈಗ ತಾನೇ ಸಿಕ್ತು ನೋಡು!" ಅಂದ. "ಮಂಡಿ ತಾಗ್ತು, ತೆರ್ಕೊಳ್ತು."

ಗುಂಡಿ ಹಚ್ಚುವ ಕೈ ಅವಳದು. ಒಂದು ಕೆಲಸವನ್ನು ನೂರಾರು ಸಲ ಮಾಡಿದ ಕೈ ಹೇಗಿರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗೆ ನಿಂತಿರುವಾಗಲೇ ಅವಳ ಫೋನು ಹೊಡೆದುಕೊಂಡಿತು. ಡಾಕ್ಟರಮ್ಮನ ಹೊತ್ತು. ಗಂಡ ಬೇಡ ಬೇಡವೆಂದು ಒದ್ದೆ ಕೈ ಆಡಿಸಿದ. ಅವಳು ಜೋರಾಗಿ ಕೇಳುವ ಹಾಗೆ ಮಾಡಿ, ಫೋನನ್ನು ಕಪ್ಪು ಗಾಜಿನ ಮೇಲಿಟ್ಟಳು.

"ಎಲ್ಲಾ ಚೊಕ್ಕಟವಾಗಿದೆ ತಾನೇ ಅಮ್ಮಾ?"

"ಇದೆ ಮೇಡಂ. ಬಿಸಿನೀರಿನ ಸ್ವಿಚ್ ಎಲ್ಲಿ ಮೇಡಂ?"

"ಸಿಂಕಿನ ಪಕ್ಕದ ಹಲಗೆ ಹಿಂದೆ. ಯಾಕೆ, ಅವನು ಹೇಳ್ಲಿಲ್ವಾ? ಅವನಿಗೆ ಗೊತ್ತಲ್ಲ. ಅಂದ್ರೆ... ಬೀಗದ ಕೈ ಕೊಡೋವಾಗ ನಿಮ್ಮ ಮನೆಯವರಿಗೆ ಹೇಳಿದ್ದೆ ಅನ್ಸುತ್ತೆ. ಆಯ್ತಮ್ಮಾ, ಆಮೇಲೆ ಮಾಡ್ತೀನಿ."

ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಗುಂಡಿಯಮ್ಮ ಚೊಂಬನ್ನು ಕೆಳಗಿಟ್ಟಳು.

"ಎಷ್ಟು ದಿನದಿಂದ?"

ಅವನು ನೆಲ ನೋಡಿದ. "ಎರಡು ವರ್ಷ."

"ನನ್ನನ್ಯಾಕೆ ಕರ್ಕೊಂಡ್ ಬಂದ್ರಿ?"

"ಅವರೇ ಅಂದ್ರು. ನೀನೊಬ್ಬನೇ ಇದ್ರೆ ಮನೆ ಹಾಳು ಮಾಡ್ತೀಯ, ಹೆಂಡ್ತೀನೂ ಕರ್ಕೊಂಡ್ ಬಾ, ಚೊಕ್ಕಟವಾಗಿರುತ್ತೆ ಅಂತ." ಆಮೇಲೆ ಬೇಗಬೇಗ ಸೇರಿಸಿದ, "ನಾನೂ... ನೀನೂ ಒಂದು ನಾಲ್ಕು ದಿನ ಇಂಥ ಮನೇಲಿ ಸುಖವಾಗಿರ್ಲಿ ಅಂತ ಕಣೇ."

ದೊಡ್ಡ ಮನಸ್ಸು ಅಂದರೆ ಇದು! ಇಟ್ಟುಕೊಂಡವಳ ಮನೆಯ ಸುಖದಲ್ಲಿ ಕಟ್ಟಿಕೊಂಡವಳಿಗೂ ಒಂದು ಪಾಲು. ಅದೂ ನೆಲ ಒರೆಸುವ ಪಾಲು.

ಅವಳು ಅಳುತ್ತಾಳೆಂದು, ಕೂಗಾಡುತ್ತಾಳೆಂದು ಅವನು ಕಾದ. ಆ ಎರಡು ವರ್ಷ, ಆ ಜೇನುತುಪ್ಪದ ದನಿ, ಎಲ್ಲವೂ ಅವಳಿಗೆ ಚುಚ್ಚುತ್ತಿದ್ದವು, ನಿಜ. ಆದರೆ ಅವಳ ಮನಸ್ಸು ಬೇರೆ ಕಡೆ ಓಡುತ್ತಿತ್ತು. ಅಡುಗೆಮನೆಯಲ್ಲಿ ಕುಡಿದು ಬಂದ ಒಂದು ಲೋಟ ನೀರಿನ ಕಡೆ. ಹಬೆಯ ಗುರುತಿಲ್ಲದ ಹಾಗೆ ಒರೆಸಿದ ಗಾಜಿನ ಕಡೆ.

"ಕಂಬಳಿಯೊಳಗೆ ನಡುಗ್ತಿದ್ರಲ್ಲ," ಅಂದಳು. "ಅದು ಚಳಿಗಲ್ಲ ತಾನೇ?"

ಅವನು ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

"ನಾನು ತಣ್ಣೀರು ಹುಯ್ಕೊಂಡು ಬಂದು ಅಲ್ಲಿ ಹೆಪ್ಪುಗಟ್ಟಿ ಕೂತಿದ್ರೆ, ನೀವು ಬಿಸಿನೀರಲ್ಲಿ ಮಿಂದು ಬಂದು ಹಲ್ಲು ಕಡೀತಿದ್ರಿ. ಆ ಮೈ ಬಿಸಿಗೆ ನಾನು ಒತ್ತಿಕೊಂಡು ಕೂರ್ತಿದ್ದೆ."

"ಮೊದಲನೇ ದಿನ ಬಾಯಿ ತಪ್ಪಿ ಗೊತ್ತಿಲ್ಲ ಅಂದ್ಬಿಟ್ಟೆ," ಅಂದ. ಈಗ ಅವನ ಕಣ್ಣಲ್ಲಿ ನೀರಿತ್ತು. "ಮಾರನೇ ದಿನ ಸಿಕ್ತು ಅಂತ ಹೇಳೋಣ ಅನ್ಕೊಂಡೆ. ಅಷ್ಟರಲ್ಲಿ ನೀನು ನಗ್ತಾ ಇದ್ದೆ. ನೀನು ಹಾಗೆ ನಕ್ಕಿದ್ದನ್ನ ನಾನು ನೋಡೇ ಇರ್ಲಿಲ್ಲ. ಹೇಳಿದ್ರೆ ಆಟ ನಿಂತುಹೋಗುತ್ತಲ್ಲ ಅನ್ನಿಸ್ತು. ಮನೆ ಮಾಡೋ ಮಾತು ಮಾತ್ರ ಸುಳ್ಳಲ್ಲ ಕಣೇ. ನಿನ್ನಾಣೆ."

ಸುಳ್ಳಲ್ಲದೆಯೂ ಇರಬಹುದು. ಆದರೆ ಹಾಲಿಗೆ ಹುಳಿ ಹಿಂಡಿದ ಮೇಲೆ, ಇದು ಹಾಲು, ಇದು ಹುಳಿ ಎಂದು ಬೇರೆ ಮಾಡಿ ಕೊಡುವವರು ಯಾರು? ಅವನು ಅವಳ ಒಂಬತ್ತು ವರ್ಷವನ್ನು ಕಿತ್ತುಕೊಂಡಿದ್ದರೆ ಹೋಗಲಿ ಅನ್ನುತ್ತಿದ್ದಳೇನೋ. ಅವುಗಳಲ್ಲಿ ಕಿತ್ತುಕೊಳ್ಳುವಂಥದ್ದು ಹೆಚ್ಚೇನೂ ಇರಲಿಲ್ಲ. ಇದ್ದದ್ದು ಈ ಒಂದು ವಾರ. ಅದನ್ನೂ ಬಿಡಲಿಲ್ಲ. ಅವಳು ಮನಸಾರೆ ನಕ್ಕ ಒಂದೊಂದು ನಗುವಿನಲ್ಲೂ ಅವನು ಎಲ್ಲ ಗೊತ್ತಿದ್ದೂ ಬರೀ ನೋಡುವವನಾಗಿ ಪಕ್ಕದಲ್ಲಿ ಕುಳಿತಿದ್ದ.

ಅವಳು ಹಿಂಬಾಗಿಲಿಗೆ ಹೋಗಿ ಚಪ್ಪಲಿ ಮೆಟ್ಟಿದಳು. ಬೀದಿಗೆ ದಾರಿ ಮುಂಬಾಗಿಲಿನಿಂದಲೇ, ಮನೆಯನ್ನು ಹಾದು. ಅವನು ಹಿಂದೆ ಹಿಂದೆ ಬಂದ. "ನಿಲ್ಲು ಕಣೇ, ಒಂದೇ ಒಂದು ಮಾತು ಕೇಳು," ಎಂದು ಗೋಗರೆದ. ಅವಳ ಮನಸ್ಸಿನ ಯಾವುದೋ ಮೂಲೆಯಲ್ಲಿ, ನಾಚಿಕೆಗೆಟ್ಟ ಮೂಲೆಯದು, ಇವನು ಕೈ ಹಿಡಿದು ನಿಲ್ಲಿಸಿದರೆ ನಿಂತುಬಿಟ್ಟೇನು ಎಂಬ ಆಸೆ ಇನ್ನೂ ಉಳಿದಿತ್ತು. ಹಜಾರದ ಬಿಳಿ ನೆಲದ ಮೇಲೆ ಅವಳು ಎರಡು ಹೆಜ್ಜೆ ಇಟ್ಟಳು.

"ಚಪ್ಪಲಿ..." ಅಂದ ಅವನು.

ಅಂದವನೇ ನಾಲಿಗೆ ಕಚ್ಚಿಕೊಂಡ. ಆದರೆ ಮಾತು ಹೊರಗೆ ಬಿದ್ದಾಗಿತ್ತು.

ಗುಂಡಿಯಮ್ಮ ನಿಂತಳು. ಮುಂಬಾಗಿಲು ನೇರ ಎದುರಿಗಿತ್ತು. ಅವಳು ನೇರ ಹೋಗಲಿಲ್ಲ. ಎಡಕ್ಕೆ ತಿರುಗಿ ಮಲಗುವ ಕೋಣೆಗೆ ಹೋದಳು. ಜಮಖಾನದ ಮೇಲೆ ಈ ತುದಿಯಿಂದ ಆ ತುದಿಗೆ ನಿಧಾನವಾಗಿ ನಡೆದಳು. ಬಚ್ಚಲು ಹೊಕ್ಕು ಬಂದಳು. ಕಿಟಕಿಯ ಬಿಸಿಲು ಬೀಳುವ ಜಾಗದಲ್ಲಿ ಎರಡೂ ಕಾಲು ಊರಿ ಒಂದು ಗಳಿಗೆ ನಿಂತಳು. ಹಿತ್ತಲಿನ ಕೆಸರು ಅಚ್ಚಚ್ಚಾಗಿ ಮೂಡಿತು. ಬಾಗಿಲ ಚಿಲಕ ತೆಗೆದು ಕೊನೆಯ ಸಲ ತಿರುಗಿ ನೋಡಿದಾಗ ಅವನು ಅಲ್ಲೇ ಇದ್ದ. ಅವಳ ಮುಖ ನೋಡುತ್ತಿರಲಿಲ್ಲ. ಯಾವ ಗುರುತಿನಿಂದ ಒರೆಸಲು ಶುರುಮಾಡಬೇಕೆಂದು ನೆಲವನ್ನೇ ನೋಡುತ್ತಿದ್ದ.