ಇಂಚಿಗೆ ಎಂಟು ಹೊಲಿಗೆ

ಬ್ರೆಡ್ಡಿನ ಅಂಗಡಿಯವನು ಈಗ ಬೆಲೆಯನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಬಣ್ಣದಲ್ಲಿ ಬರೆದರೆ ಸಂಜೆಗೆ ಬೆಲೆ ಏರಿದಾಗ ಅಳಿಸುವುದು ಕಷ್ಟ. ಅದರ ಕೆಳಗೆ ಇನ್ನೊಂದು ಸಾಲು: ಈ ದೇಶದ ಕಾರ್ಡ್ ಇದ್ದವರಿಗೆ ಮಾತ್ರ. ನನ್ನ ಹತ್ತಿರ ಕಾರ್ಡ್ ಇರಲಿಲ್ಲ. ಐದು ವರ್ಷದಿಂದ ಇವರ ಅಂಗಿಗಳಿಗೆ ಕಾಲರ್ ಹೊಲಿದರೂ ನಾನು ಹೊರಗಿನವಳೇ.

ಹಾಗಾಗಿ ನನ್ನ ಪಾಲಿನ ಬ್ರೆಡ್ಡನ್ನೂ ಅಕ್ಕನೇ ತರುತ್ತಿದ್ದಳು. ಒಡಹುಟ್ಟಿದವಳಲ್ಲ, ಈ ಊರಿನವಳು, ನಮ್ಮ ಫ್ಯಾಕ್ಟರಿಯಲ್ಲಿ ಹದಿನಾರು ವರ್ಷ ಸವೆದವಳು. ಕಿಟಕಿ ಪಕ್ಕದ ಯಂತ್ರಗಳ ಸಾಲು ಊರಿನವರದು, ಗೋಡೆ ಪಕ್ಕದ್ದು ಹೊರಗಿನವರಾದ ನಮ್ಮದು.

"ಗಾಳಿ ನಮಗೆ, ಗೋಡೆ ನಿಮಗೆ. ಸಂಬಳ ಮಾತ್ರ ಇಬ್ರಿಗೂ ಸರಿಯಾಗಿ ಇಲ್ಲ ನೋಡು," ಎಂದು ನಗುತ್ತಿದ್ದಳು.

ದೇಶದ ದುಡ್ಡಿನ ಬೆಲೆ ಬಿದ್ದ ಮೇಲೆ ಹಡಗಿನಲ್ಲಿ ಬರುತ್ತಿದ್ದ ದಾರವೂ ನಿಂತಿತು. ನಮ್ಮ ಸೂಪರ್‌ವೈಸರ್‌ನ ಅಂಗಿಯಲ್ಲೂ ಮುಖದಲ್ಲೂ ಒಂದು ಸುಕ್ಕಿರಲಿಲ್ಲ, ನಾವು ಅವನನ್ನು ಇಸ್ತ್ರಿ ಎನ್ನುತ್ತಿದ್ದೆವು. ಅವನ ತಲೆ ಓಡಿತು. ದಾರ ಉಳಿಸಲು, ಇಂಚಿಗೆ ಹನ್ನೆರಡು ಹೊಲಿಗೆ ಬೀಳುತ್ತಿದ್ದ ಕಡೆ ಎಂಟೇ ಸಾಕು ಎಂದ. ಪ್ರತಿ ಯಂತ್ರದಲ್ಲೂ ಹೊಲಿಗೆಯ ಅಳತೆಯ ತಿರುಪನ್ನು ತಾನೇ ತಿರುಗಿಸಿಕೊಂಡು ಹೋದ.

"ಕಾಲರ್ ಬಿಟ್ಕೊಳ್ಳುತ್ತೆ ಸಾರ್," ಎಂದಳು ಅಕ್ಕ.

"ಹೇಳಿದಷ್ಟು ಮಾಡು."

ಮೂರು ವಾರಕ್ಕೆ ಅಂಗಿಗಳೆಲ್ಲ ವಾಪಸ್ ಬಂದವು. ಇಸ್ತ್ರಿ ನನ್ನನ್ನು ಕೋಣೆಗೆ ಕರೆದ. ಮೇಜಿನ ಮೇಲೆ ಬಿಚ್ಚಿಕೊಂಡ ಕಾಲರ್‌ಗಳ ರಾಶಿ, ಪಕ್ಕದಲ್ಲಿ ಈ ದೇಶದಲ್ಲಿ ದುಡಿಯಲು ನನಗೆ ಕೊಟ್ಟ ಪರ್ಮಿಟ್. ಶನಿವಾರ ಅದರ ಅವಧಿ ಮುಗಿಯುತ್ತಿತ್ತು. ಮಾಲೀಕನ ಸಹಿ ಬೀಳದಿದ್ದರೆ ನಾನು ಗಂಟುಮೂಟೆ ಕಟ್ಟಬೇಕು.

"ಇದೆಲ್ಲ ನಿನ್ನ ಅಕ್ಕ ಕೆಡಿಸಿದ್ದು. ಕಣ್ಣಾರೆ ನೋಡಿದೀನಿ ಅಂತ ಒಂದು ಸಹಿ ಹಾಕು."

"ಅವಳನ್ನ ಏನ್ಮಾಡ್ತೀರಿ?"

"ಕೆಲಸ ಕೆಡಿಸಿದವರನ್ನ ಪರಿಹಾರ ಕೊಡದೆ ತೆಗೀಬಹುದು. ನಿನಗ್ಯಾಕೆ ಊರ ಉಸಾಬರಿ? ಮಗಳ ವಿಚಾರ ನೋಡ್ಕೊ."

ಮಗಳು ನಮ್ಮೂರಿನಲ್ಲಿ ಅತ್ತೆಯ ಬಳಿ ಇದ್ದಳು. ನಾನು ದುಡ್ಡು ಕಳಿಸಿದರೆ ಅವರಿಬ್ಬರ ಒಲೆ ಉರಿಯುತ್ತಿತ್ತು. ಒಂದು ಕಾಲರ್ ಎತ್ತಿ ನೋಡಿದೆ. ಹೊಲಿಗೆ ಮುಗಿಯುವ ಕಡೆ ಮೂರು ಸಲ ಹಿಂದೆಮುಂದೆ ಹೊಡೆದಿತ್ತು. ಎಲ್ಲರೂ ಎರಡೇ ಸಲ ಹೊಡೆಯುತ್ತಾರೆ. ಮೂರು ಹೊಡೆಯುವ ಪೆದ್ದಿ ಇಡೀ ಫ್ಯಾಕ್ಟರಿಗೆ ನಾನೊಬ್ಬಳೇ. ಅದು ನನ್ನ ಕಾಲರ್. ಗೊತ್ತಿದ್ದೂ ಸಹಿ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಪೆನ್ನನ್ನೂ ನಾನೇ ಕೇಳಿ ತೆಗೆದುಕೊಂಡೆ.

ಸಂಜೆ ಅಕ್ಕ ಬ್ರೆಡ್ ಹಿಡಿದು ಬಂದಳು. "ಇವತ್ತು ಒಂದೇ ಸಿಕ್ತು ಕಣೇ. ತಗೋ, ಅರ್ಧ ನಿಂದು."

ತೆಗೆದುಕೊಳ್ಳಲು ಕೈ ಏಳಲಿಲ್ಲ. "ಇಸ್ತ್ರಿ ನಿನ್ನನ್ನೂ ಕರೆದಿದ್ನಾ?" ಎಂದೆ.

"ಕರೆದಿದ್ದ. ಒಂದು ರಾಶಿ ಕಾಲರ್ ತೋರಿಸ್ದ. ಇದೆಲ್ಲ ಹೊರಗಿನವರ ಕೆಲಸ, ಅವರಿಂದಲೇ ದೇಶ ಹಾಳಾಯ್ತು, ಸಹಿ ಹಾಕಿದ್ರೆ ನಿನ್ನ ಕೆಲಸ ಉಳಿಯುತ್ತೆ ಅಂದ."

"ಹಾಕಿದ್ಯಾ?"

"ಹೋಗೇ. ತಿರುಪು ತಿರುಗಿಸಿದ್ದು ಯಾರು ಅಂತ ನಂಗೆ ಗೊತ್ತಿಲ್ವಾ?" ಎಂದವಳು ನನ್ನನ್ನೇ ನೋಡಿದಳು. "ಯಾಕೆ, ನಿನ್ನ ಮುಖ ಹೀಗಾಯ್ತು?"

ಹೇಳಿಬಿಟ್ಟೆ. ಅವಳು ಬಯ್ಯುತ್ತಾಳೆ ಎಂದುಕೊಂಡೆ, ಬಯ್ದಿದ್ದರೆ ಚೆನ್ನಾಗಿತ್ತು. "ಹದಿನಾರು ವರ್ಷ ಕಣೇ," ಎಂದಳು, ಅಷ್ಟೆ. ಅರ್ಧ ಬ್ರೆಡ್ಡನ್ನು ನನ್ನ ಕೈಗೆ ತುರುಕಿ ಮುಂದೆ ಮುಂದೆ ನಡೆದುಬಿಟ್ಟಳು. ನನಗೆ ನನ್ನ ಮೇಲೇ ಅಸಹ್ಯವಾಯಿತು.

ಮರುದಿನ ಬೆಳಿಗ್ಗೆ ಯಂತ್ರಗಳು ಓಡುತ್ತಿರುವಾಗಲೇ ಇಸ್ತ್ರಿ ಎರಡು ಸಾಲಿನ ನಡುವೆ ನಿಂತು ನಾನು ಸಹಿ ಹಾಕಿದ ಕಾಗದವನ್ನು ಗಟ್ಟಿಯಾಗಿ ಓದಿದ. ಅಕ್ಕನಿಗೆ ಇವತ್ತೇ ಕಡೆ ದಿನ ಎಂದ. ನಾನು ಎದ್ದು ನಿಂತೆ.

"ಆ ರಾಶಿಯಲ್ಲಿದ್ದದ್ದು ನನ್ನ ಕಾಲರ್ ಸಾರ್. ನಾನು ಹಾಕಿದ್ದು ಸುಳ್ಳು ಸಹಿ. ಎಂಟು ಹೊಲಿಗೆ ಹಾಕಿಸಿದ್ದು ನೀವು. ಅದೇ ರಾಶಿ ತೋರಿಸಿ ನಮ್ಮ ಮೇಲೆ ಅಕ್ಕನ ಸಹಿ ಕೇಳಿದ್ದೂ ನೀವೇ."

"ಪರ್ಮಿಟ್ ಬೇಡ್ವಾ ನಿಂಗೆ?"

"ನೀವೇ ಇಟ್ಕೊಳ್ಳಿ."

ಹೇಳಿದ್ದೇನೋ ಹೇಳಿದೆ. ಆಮೇಲೆ ಮಗಳ ನೆನಪಾಯಿತು.

ಅಕ್ಕ ನನ್ನ ಕಡೆ ತಿರುಗಲಿಲ್ಲ. ಆದರೆ ಅವಳ ಯಂತ್ರ ನಿಂತಿತು. ಆಮೇಲೆ ಪಕ್ಕದ್ದು. ಒಂದೊಂದಾಗಿ ಕಿಟಕಿ ಸಾಲು ಪೂರ್ತಿ ನಿಂತಿತು. ಗೋಡೆ ಸಾಲು ಮಾತ್ರ ಓಡುತ್ತಲೇ ಇತ್ತು. ನಮ್ಮವರೇ. ಎಲ್ಲರ ಪರ್ಮಿಟ್ಟೂ ಇಸ್ತ್ರಿಯ ಡ್ರಾಯರಿನಲ್ಲಿತ್ತು. ಪಕ್ಕದ ಯಂತ್ರದವಳ ಎದುರಿಗೆ ಹೋಗಿ ನಿಂತೆ.

"ಮೂರು ಮಕ್ಕಳಿದಾರೆ ನಂಗೆ," ಎಂದಳು, ತಲೆಯೆತ್ತದೆ.

"ಗೊತ್ತು. ನಂಗೂ ಹೆದರಿಕೆನೇ ಕಣೇ."

"ನಿಲ್ಲಿಸಬೇಡ, ಹೊಲೀತಾ ಇರು," ಎಂದ ಇಸ್ತ್ರಿ.

ಅವಳು ಕೈಯಲ್ಲಿದ್ದ ಕಾಲರನ್ನು ಕೊನೆವರೆಗೂ ಹೊಲಿದಳು. ದಾರ ಕತ್ತರಿಸಿದಳು. ಸ್ವಿಚ್ ಆರಿಸಿ ಕೈ ಕಟ್ಟಿ ಕೂತಳು. ಅವಳ ಹಿಂದಿನವಳೂ ಆರಿಸಿದಳು, ಅವಳ ಹಿಂದಿನವಳೂ.

ಇಸ್ತ್ರಿ ಮಾಲೀಕನಿಗೆ ಫೋನ್ ಹಚ್ಚಿದ. ಬಾಯಿಗೆ ಕೈ ಅಡ್ಡ ಹಿಡಿದು ಮೆಲ್ಲಗೇ ಮಾತಾಡಿದ. ಆದರೂ ಕೊನೆಯ ಯಂತ್ರದವರೆಗೂ ಕೇಳಿಸಿತು.

"ಇಲ್ಲ ಸಾರ್, ಒಂದು ಸಾಲಲ್ಲ. ಎರಡೂ."