ಗ್ಯೊಕುರೊ ಆರಿಸಿದ ದಿನ

ಜ್ವರ ಬಿಟ್ಟ ಮೂರನೆಯ ದಿನ ಒಲೆಯ ಮೇಲೆ ಹಾಲು ಸೀದುಹೋಯಿತು. ಪಕ್ಕದ ಕೋಣೆಯಿಂದ ಗಂಡ ಸ್ವರೂಪ್ ಮೂಗು ಮುಚ್ಚಿಕೊಂಡು ಓಡಿಬಂದ. ಒಲೆಗೆ ಬೆನ್ನು ಹಾಕಿ ಬೀನ್ಸ್ ಹೆಚ್ಚುತ್ತಿದ್ದ ಶರಣ್ಯಾಳಿಗೆ ಯಾವ ವಾಸನೆಯೂ ತಿಳಿದಿರಲಿಲ್ಲ. ಜ್ವರ ಹೋಗುವಾಗ ಮೂಗಿನ ಶಕ್ತಿಯನ್ನೂ ಒಯ್ದಿತ್ತು.

ಬೇರೆಯವರಿಗಾದರೆ ಅದೊಂದು ತೊಂದರೆ, ಅಷ್ಟೆ. ಶರಣ್ಯಾಳಿಗೆ ಮೂಗೇ ಉದ್ಯೋಗ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಮೊರಿತಾ ಎಂಬ ಜಪಾನಿ ಹೆಂಗಸು ನಡೆಸುವ ಚಹಾ ಅಂಗಡಿಯಲ್ಲಿ ಅವಳು ಆರು ವರ್ಷದಿಂದ ರುಚಿ ನೋಡುವವಳು. ಯಾವ ತೋಟದ ಎಲೆ ತರಿಸಬೇಕೆಂದು ಪ್ರತಿ ವರ್ಷ ಹೇಳುತ್ತಿದ್ದವಳು ಅವಳೇ.

ಮುಚ್ಚಿಡಬಹುದಿತ್ತು. ಮರುದಿನವೇ ಹೋಗಿ ಹೇಳಿಬಿಟ್ಟಳು.

ಮೊರಿತಾ ಗಲ್ಲಾಪೆಟ್ಟಿಗೆಯ ಕೀಲಿ ಅವಳ ಮುಂದಿಟ್ಟರು. "ಸದ್ಯಕ್ಕೆ ಕೌಂಟರ್ ನೋಡಿಕೋ. ಜೂನ್‌ನಲ್ಲಿ ಹೊಸ ಗ್ಯೊಕುರೊ ಬರುತ್ತದೆ. ಅಷ್ಟರಲ್ಲಿ ವಾಸಿಯಾಗದಿದ್ದರೆ ವೈಭವ್ ಆರಿಸಲಿ."

ಗ್ಯೊಕುರೊ ಎಂದರೆ ಕೀಳುವ ಮುಂಚೆ ಮೂರು ವಾರ ಗಿಡಕ್ಕೆ ನೆರಳು ಕಟ್ಟಿ ಬೆಳೆಸುವ ಹಸಿರು ಚಹಾ. ಅಂಗಡಿಯ ಹೆಸರು ನಿಂತಿದ್ದೇ ಅದರ ಮೇಲೆ. ವೈಭವ್‌ನನ್ನು ಕೆಲಸಕ್ಕೆ ಕರೆತಂದು ಕಲಿಸಿದವಳೂ ಶರಣ್ಯಾಳೇ.

"ಜೂನ್‌ನಲ್ಲಿ ರುಚಿ ನೋಡಲು ನಾನೇ ಕೂರುತ್ತೇನೆ," ಎಂದಳು.

ಅಂದಿನಿಂದ ಸುಬಾಂಗ್ ಜಯಾದ ತಮ್ಮ ಮನೆಯಲ್ಲಿ ಪ್ರತಿ ಬೆಳಿಗ್ಗೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತಳು. ಸ್ವರೂಪ್ ಆಫೀಸಿಗೆ ಹೊರಡುವ ಮೊದಲು ಒಂದೊಂದೇ ಡಬ್ಬಿ ಮೂಗಿನ ಹತ್ತಿರ ಹಿಡಿಯುತ್ತಿದ್ದ: ಇಂಗು, ಲವಂಗ, ಕರ್ಪೂರ, ಪಂಡಾನ್ ಎಲೆ. ಎರಡು ತಿಂಗಳು ಏನೂ ಇಲ್ಲ. ಮೂರನೆಯ ತಿಂಗಳು ಕಾಫಿಪುಡಿ ಸುಟ್ಟ ರಬ್ಬರಿನ ಹಾಗೆ ನಾತ ಹೊಡೆಯಿತು. ಅವಳಿಗೆ ಅಳು ಬಂತು.

"ಇವತ್ತಿಗೆ ಸಾಕು ಬಿಡೇ," ಎಂದ ಸ್ವರೂಪ್.

"ನಾತವಾದರೂ ಬಂತಲ್ಲ. ಇನ್ನೊಂದು ಹಿಡಿ."

ಜೂನ್ ಬರುವ ಹೊತ್ತಿಗೆ ಇಂಗು, ಲವಂಗ ತಿಳಿಯುತ್ತಿದ್ದವು. ಎಲೆಯ ನವಿರು ಪರಿಮಳ ಮಾತ್ರ ಇನ್ನೂ ದೂರ. ಆದರೆ ಆ ತಿಂಗಳುಗಳಲ್ಲಿ ನಾಲಿಗೆಯೊಂದನ್ನೇ ನಂಬಿ ಬದುಕಿದ್ದಳು. ಅದು ಹಿಂದೆಂದಿಗಿಂತ ಚುರುಕಾಗಿತ್ತು.

ಮೂರು ತೋಟಗಳ ಮಾದರಿಗಳು ಬಂದವು. ಮೊರಿತಾ ಬೆರಳು ಅದ್ದಬಹುದಾದಷ್ಟೇ ಬಿಸಿಯ ನೀರು ಹಾಕಿ, ಎರಡು ನಿಮಿಷ ಕಾದು, ಪುಟ್ಟ ಬಟ್ಟಲುಗಳಿಗೆ ಬಗ್ಗಿಸಿದರು.

"ಅಕ್ಕಾ, ಮೂರನೆಯದೇ! ಎಂಥ ಘಮ ನೋಡಿ," ಎಂದ ವೈಭವ್.

"ಆ ಘಮ ನನಗೆ ಸಿಗುತ್ತಿಲ್ಲ," ಎಂದಳು ಶರಣ್ಯಾ, ನೇರವಾಗಿ. ವೈಭವ್ ತಲೆ ತಗ್ಗಿಸಿದ.

ಅವಳು ಕುಡಿದಳು. ಮೊದಲನೆಯದು ತೆಳು. ಎರಡನೆಯದು ಬೇಳೆಕಟ್ಟಿನ ಹಾಗೆ ಮಂದ. ನಾಲಿಗೆ ತುಂಬ ಹರಡಿ, ನುಂಗಿದ ಮೇಲೂ ಗಂಟಲಲ್ಲಿ ಸಿಹಿಯಾಗಿ ನಿಂತಿತು. ಮೂರನೆಯದು ಥಟ್ಟನೆ ಸಿಹಿಯೆನಿಸಿ, ಅಷ್ಟೇ ಬೇಗ ಹೋಗಿ, ಒಗರು ಉಳಿಸಿತು.

"ಎರಡನೆಯದು."

"ಘಮವೇ ಸಿಗದೆ ಹೇಗೆ ಹೇಳುತ್ತೀ?" ಮೊರಿತಾ ಕೇಳಿದರು.

"ಅದೇ ಎಲೆಗೆ ಇನ್ನೆರಡು ಸಲ ನೀರು ಹಾಕಿ, ಮೊರಿತಾ-ಸಾನ್. ಆಗಲೂ ಮೂರನೆಯದೇ ಚೆನ್ನಾಗಿದ್ದರೆ ಈ ಕುರ್ಚಿ ವೈಭವ್‌ಗೆ ಬಿಡುತ್ತೇನೆ."

ಮೊರಿತಾ ನೀರು ಹಾಕಿದರು. ಎರಡನೆಯ ಸಲಕ್ಕೆ ಮೂರನೆಯ ಬಟ್ಟಲಿನ ಘಮ ಅರ್ಧವಾಯಿತು. ಮೂರನೆಯ ಸಲಕ್ಕೆ ಬರೀ ಕಹಿ ಉಳಿಯಿತು. ಎರಡನೆಯ ಬಟ್ಟಲು ಮಾತ್ರ ಹಾಗೇ ಸಿಹಿ. ವೈಭವ್ ಎರಡನ್ನೂ ಮತ್ತೆ ಮತ್ತೆ ಕುಡಿದು ನೋಡಿದ.

"ಅಕ್ಕ ಹೇಳಿದ್ದೇ ಸರಿ. ನಾನು ಘಮಕ್ಕೆ ಮರುಳಾದೆ."

ಮೊರಿತಾ ಎರಡನೆಯ ತೋಟದ ಹೆಸರು ಬರೆದುಕೊಂಡರು. "ಇನ್ನು ಮುಂದೆ ಇಬ್ಬರೂ ಕೂರಿ. ಮೂಗು ಅವನದು, ನಾಲಿಗೆ ನಿನ್ನದು."

"ನನ್ನ ಮೂಗು ಪೂರ್ತಿ ಬರುವವರೆಗೆ," ಎಂದಳು ಶರಣ್ಯಾ.

ಮೊರಿತಾ ಜೋರಾಗಿ ನಕ್ಕರು. ನೆನೆದ ಎಲೆಗಳನ್ನು ಬಿಸಾಡದೆ ಹಿಂಡಿ, ಜಪಾನಿನ ರೂಢಿಯಂತೆ ತಿನ್ನಲು ತಟ್ಟೆಗೆ ಹಾಕಿ, ಎರಡು ಹನಿ ಸೋಯಾ ಸಾಸ್ ಬಿಟ್ಟು ಮುಂದಿಟ್ಟರು. ಶರಣ್ಯಾ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಎಳೇ ಸೊಪ್ಪಿನ ಹಾಗೆ ಮೆತ್ತಗಿತ್ತು.

"ನಿಂಬೆಹಣ್ಣು, ಕಾಯಿತುರಿ ಬಿದ್ದರೆ ಒಳ್ಳೇ ಕೋಸಂಬರಿ ಕಣೋ," ಎಂದಳು. ಕೆಳಗೆ ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲಿನಿಂದ ನಿಂಬೆಹಣ್ಣು ತರಲು ವೈಭವ್ ಆಗಲೇ ಎದ್ದಿದ್ದ.