ಗಿಡ್ಡಯ್ಯನಿಗೆ ಕೊಟ್ಟ ಕಣ್ಣು

ಕೀಬೋರ್ಡಿನ ಮೇಲೆ ನನ್ನ ಕೈ ಓಡುವುದನ್ನು ನೋಡಲಿಕ್ಕೆಂದೇ ಹಾನುಬಾಳಿನ ಜನ ಸ್ಟುಡಿಯೋ ಬಾಗಿಲಲ್ಲಿ ನಿಲ್ಲುತ್ತಿದ್ದರು. ಇದನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆ ಯಾರೂ ಹೇಳುವುದಿಲ್ಲವಲ್ಲ. ಮೌಸ್ ಹಿಡಿದು ಮೆನು ಎಳೆದು ತಡಕಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಸಕಲೇಶಪುರದ ಸ್ಟುಡಿಯೋದವರು ಅರ್ಧ ಗಂಟೆ ಎಳೆಯುತ್ತಿದ್ದ ಪಾಸ್‌ಪೋರ್ಟ್ ಫೋಟೋ ನನಗೆ ನಾಲ್ಕು ನಿಮಿಷದ ಕೆಲಸ.

ಆಗ ೨೦೦೭. ಗಿಂಪ್ ಎನ್ನುವ ಸಾಫ್ಟ್‌ವೇರ್ ಯಾವುದೋ ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸೀಡಿಯಲ್ಲಿ ಪುಕ್ಕಟೆ ಸಿಕ್ಕಿತ್ತು. ಕಲಿಸುವವರು ಯಾರೂ ಇರಲಿಲ್ಲ. ಶಾರ್ಟ್‌ಕಟ್‌ಗಳನ್ನೆಲ್ಲ ಚೀಟಿಯಲ್ಲಿ ಬರೆದು ಮಾನಿಟರಿಗೆ ಅಂಟಿಸಿಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಅವಸರವನ್ನು ಕಲಿಸಿದ್ದು ಮಾತ್ರ ಕರೆಂಟು. ಅದು ಹೋದರೆ ಯುಪಿಎಸ್ ಹತ್ತು ನಿಮಿಷ ಕೂಗಿಕೊಳ್ಳುತ್ತದೆ, ಆಮೇಲೆ ಎಲ್ಲ ಬಂದ್.

ಸ್ಟುಡಿಯೋ ಮೊದಲು ಸೋಮಯ್ಯನವರದು. ಸತ್ತವರ ಕಣ್ಣು ತೆರೆಸುವುದರಲ್ಲಿ ಅವರದು ಎತ್ತಿದ ಕೈ. ಕಾಫಿ ಎಸ್ಟೇಟಿನ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಎಷ್ಟೋ ಜನ ಬದುಕಿರುವಾಗ ಒಂದು ಫೋಟೋ ತೆಗೆಸಿಕೊಂಡಿರುವುದಿಲ್ಲ. ಉಸಿರು ಹೋದ ಮೇಲೆ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ಸ್ಟುಡಿಯೋದವರನ್ನು ಕರೆಸುತ್ತಾರೆ. ಆ ಫೋಟೋದಲ್ಲಿ ಕಣ್ಣು ಬಿಡಿಸಿ, ಕಟ್ಟು ಹಾಕಿಸಿ ಕೊಟ್ಟರೆ ಹನ್ನೊಂದನೇ ದಿನ ಹಾರ ಹಾಕಿ ದೀಪ ಹಚ್ಚುತ್ತಾರೆ. ಸೋಮಯ್ಯನವರು ಇದನ್ನು ಕೂದಲೆಳೆಯಂಥ ಕುಂಚದಲ್ಲಿ ಮಾಡುತ್ತಿದ್ದರು. ಅಂಗಡಿ ನನಗೆ ಬಿಟ್ಟುಕೊಡುವಾಗ ಒಂದೇ ಮಾತು ಹೇಳಿದ್ದರು.

“ಶೀಲಮ್ಮ, ಸತ್ತೋರಿಗೆ ಸತ್ತೋರ ಕಣ್ಣೇ ಕೊಡ್ಬೇಕು. ಬದುಕಿರೋರ ಕಣ್ಣು ಹಾರದ ಕೆಳಗೆ ಹೋಗ್ಬಾರ್ದು ಕಣಮ್ಮ.”

ನಾನು ನಕ್ಕಿದ್ದೆ. ನಕ್ಕರೂ ಕಂಪ್ಯೂಟರಿನಲ್ಲಿ ‘ಕಣ್ಣು’ ಎಂದು ಒಂದು ಫೋಲ್ಡರ್ ಮಾಡಿ, ತೀರಿಕೊಂಡವರ ಹಳೇ ಫೋಟೋಗಳಿಂದ ತೆಗೆದ ಹದಿನಾರು ಜೊತೆ ಕಣ್ಣುಗಳನ್ನು ಅದರಲ್ಲಿ ಇಟ್ಟುಕೊಂಡಿದ್ದೆ. ಅನುಕೂಲಕ್ಕೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಫೆಬ್ರವರಿಯಲ್ಲಿ ಲೈನಿನ ಕೂಲಿಯಾಳು ಗಿಡ್ಡಯ್ಯ ಸತ್ತ. ಮೆಣಸು ಕೊಯ್ಯಲು, ಬಳ್ಳಿ ಹಬ್ಬಿಸಿದ ಸಿಲ್ವರ್ ಮರ ಹತ್ತಿದವನು ಏಣಿ ಜಾರಿ ಬಿದ್ದಿದ್ದ. ಓಟಿನ ಕಾರ್ಡಿನಲ್ಲಿ ಅವನ ಮುಖ ಮಸಿ ಬಳಿದ ಹಾಗಿತ್ತು, ಅದು ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಹಾಗಾಗಿ ನಾನೇ ಲೈನಿಗೆ ಹೋಗಿ ಹೆಣದ ಫೋಟೋ ತೆಗೆದೆ. ಮೂರನೇ ದಿನ ಅವನ ಹೆಂಡತಿ ಕೆಂಚಮ್ಮ ಬಂದು ಬೆಂಚಿನ ಮೇಲೆ ಕೂತರು. ಮಕ್ಕಳಿಲ್ಲದ ಹೆಂಗಸು. ನನ್ನ ಕೈಯನ್ನೇ ನೋಡುತ್ತಿದ್ದರು.

ಅವರು ಬರುವ ಹೊತ್ತಿಗೆ ನಾನು ನನ್ನ ಗಂಡ ಯೋಗೇಶ್ ಅವರ ಫೋಟೋ ಸರಿಮಾಡುತ್ತಿದ್ದೆ. ಹಾನುಬಾಳು–ಸಕಲೇಶಪುರದ ಮಧ್ಯೆ ಜೀಪ್ ಓಡಿಸುವವರು ಅವರು, ಲೈಸೆನ್ಸ್ ರಿನ್ಯೂವಲ್‌ಗೆ ಫೋಟೋ ಬೇಕಿತ್ತು. ಒಳ್ಳೆಯ ಫೋಟೋದಲ್ಲಿ ಕಣ್ಣು ಮುಚ್ಚಿದ್ದರು. ಇನ್ನೊಂದರಿಂದ ಕಣ್ಣು ಕಾಪಿ ಮಾಡಿ ಇದಕ್ಕೆ ಅಂಟಿಸಿ ಮುಗಿಸಿದೆ. ಗಿಡ್ಡಯ್ಯನ ಫೋಟೋ ತೆರೆದಿದ್ದೇ ಕರೆಂಟು ಹೋಯಿತು. ಯುಪಿಎಸ್ ಕೂಗಲು ಶುರುವಾಯಿತು. ಫೋಲ್ಡರಿನಿಂದ ಒಂದು ಜೊತೆ ಕಣ್ಣು ತೆರೆದೆ. ಕಂಟ್ರೋಲ್ ಸಿ, ಕಾಪಿ. ಕಂಟ್ರೋಲ್ ವಿ, ಪೇಸ್ಟ್. ಶಿಫ್ಟ್ ಟಿ ಒತ್ತಿ ಅಳತೆ ಕೂಡಿಸಿದೆ, ಕಂಟ್ರೋಲ್ ಎಚ್ ಒತ್ತಿ ಕೂರಿಸಿದೆ, ಅಂಚು ತೀಡಿದೆ, ಸೇವ್ ಮಾಡಿದೆ. ಆರು ನಿಮಿಷ! ಕೆಂಚಮ್ಮನ ಕಡೆ ತಿರುಗಿ ನೋಡಿದೆ, ಹೊಗಳಲಿ ಅಂತ. ನನ್ನ ಕೊಬ್ಬಿಗೆ ಏನು ಹೇಳಲಿ.

ಗಿಡ್ಡಯ್ಯನ ಹನ್ನೊಂದನೇ ದಿನದಿಂದ ಯೋಗೇಶ್ ಅವರಿಗೆ ಅದು ಶುರುವಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಕಣ್ಣಿಗೆ ಕತ್ತಲೆ. ಅರ್ಧ ಗಂಟೆ ಇರುತ್ತಿತ್ತು, ಆಮೇಲೆ ಏನೂ ಆಗೇ ಇಲ್ಲವೆನ್ನುವಂತೆ ತಿಳಿಯಾಗುತ್ತಿತ್ತು. ಸಕಲೇಶಪುರದ ಕಣ್ಣಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಕಣ್ಣು ಚೆನ್ನಾಗಿದೆ ಅಂದರು. ಅದನ್ನೇ ನಂಬಿ ಇವರು ಜೀಪು ಓಡಿಸುತ್ತಲೇ ಇದ್ದರು. ಆ ವಾರದ ಕೊನೆಗೆ ಜೀಪು ತಿರುವಿನಲ್ಲಿ ಗುಡ್ಡ ಕಡಿದ ದರೆಗೆ ಗುದ್ದಿತು. ಇನ್ನೊಂದು ಪಕ್ಕಕ್ಕೆ ಹೋಗಿದ್ದರೆ ಪ್ರಪಾತ, ಜೀಪಿನಲ್ಲಿ ಹದಿಮೂರು ಜನ.

“ದಾರಿನೇ ಇರ್ಲಿಲ್ಲ ಕಣೇ ಶೀಲಾ,” ಅಂದರು ಅವತ್ತು ಮನೆಗೆ ಬಂದು. “ಮುಂದೆ ಬರೀ ಒಂದು ಬೆಂಕಿ ಕುಡಿ ಕಂಡಂಗಾಯ್ತು. ಅದ್ರ ಹಿಂದೆ ಯಾರೋ ಹೆಂಗಸು ಕೈ ಮುಗೀತಾ ಕೂತಿದ್ಲು.”

ಹಾರದ ಕೆಳಗಿನ ಕಣ್ಣಿನ ಬಗ್ಗೆ ಸೋಮಯ್ಯನವರು ಹೇಳಿದ ಮಾತು ನೆನಪಾಯಿತು. ಯಾಕೆ ಅಂತ ಆ ಕ್ಷಣಕ್ಕೆ ತಿಳಿಯಲಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆದವಳೇ ಗಿಡ್ಡಯ್ಯನ ಫೋಟೋ ತೆರೆದು ಕಣ್ಣು ದೊಡ್ಡದು ಮಾಡಿದೆ. ಎಡಗಣ್ಣಿನ ಬಿಳಿಯಲ್ಲಿ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆ, ಯೋಗೇಶ್ ಅವರ ಕಣ್ಣಿನಲ್ಲಿರುವಂಥದ್ದೇ. ಹದಿಮೂರು ವರ್ಷ ಎದುರಿಗೆ ಕೂತು ಊಟ ಮಾಡಿದ ಕಣ್ಣು, ನನಗೆ ಗುರುತೇ ಸಿಕ್ಕಿರಲಿಲ್ಲ. ಅವಸರದಲ್ಲಿ ಸಿ ಒತ್ತುವಾಗ ಕಂಟ್ರೋಲಿನ ಮೇಲೆ ಬೆರಳು ಸರಿಯಾಗಿ ಕೂತಿರಲಿಲ್ಲ. ಹೊಸ ಕಣ್ಣು ಕಾಪಿಯಾಗದೆ, ಅದಕ್ಕೆ ಮೊದಲು ಕಾಪಿ ಮಾಡಿದ್ದೇ ಬಂದು ಅಂಟಿಕೊಂಡಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನನ್ನಂಥವಳನ್ನು ನೋಡಿಯೇ ಹೇಳಿರಬೇಕು.

ಫೋಲ್ಡರಿನ ಕಣ್ಣು ಹಾಕಿ ಬೇರೆ ಪ್ರಿಂಟ್ ತೆಗೆದು, ಕಟ್ಟು ಹಾಕಿಸಿ, ಮಧ್ಯಾಹ್ನವೇ ಲೈನಿಗೆ ಓಡಿದೆ. ಯೋಗೇಶ್ ಅವರ ಕಣ್ಣು ಕೆಂಚಮ್ಮನ ಗೋಡೆಯ ಮೇಲೆ, ಚೆಂಡು ಹೂವಿನ ಹಾರದ ನಡುವೆ ಇತ್ತು. ಬಾಗಿಲಲ್ಲಿ ನಿಂತ ನನ್ನನ್ನು ಅದು ನೋಡಿದ ರೀತಿ ಹೇಳಲಾರೆ.

“ಅದರಲ್ಲಿ ಸ್ವಲ್ಪ ತಪ್ಪಾಗಿದೆ ಕೆಂಚಕ್ಕ. ಇದನ್ನ ಹಾಕ್ಕೊಳ್ಳಿ, ಅದನ್ನ ಕೊಡಿ.”

ಕೆಂಚಮ್ಮ ಎರಡನ್ನೂ ನೋಡಿದರು. “ಇದು ಹೆಣ ಕಣವ್ವ,” ಅಂದರು ನಾನು ತಂದ ಹೊಸ ಫೋಟೋ ತೋರಿಸಿ. “ನಮ್ಮನೆಯೋರು ಅಲ್ಲಿ, ಗೋಡೆ ಮ್ಯಾಗವ್ರೆ. ಇಪ್ಪತ್ತು ವರ್ಸ ಬಾಳ್ವೆ ಮಾಡಿದೀನಿ, ಒಂದಿನಾನೂ ನನ್ನ ಮಕ ನೋಡಿ ಮಾತಾಡ್ದೋರಲ್ಲ. ಈಗ ನೋಡ್ತಾ ಕುಂತವ್ರೆ. ಎಲ್ಲಿಗೋದ್ರೂ ನೋಡ್ತಾರೆ.”

ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ಬರಲಿಲ್ಲ. ಅದು ನನ್ನ ಗಂಡನ ಕಣ್ಣು, ಬದುಕಿರುವವರದು, ಸಂಜೆಯಾದರೆ ಅವರಿಗೆ ದಾರಿ ಕಾಣುತ್ತಿಲ್ಲ, ಹೀಗೇ ಆದರೆ ಒಂದು ದಿನ ಜೀಪಿನ ಸಮೇತ ಹೋಗಿಬಿಡುತ್ತಾರೆ ಅಂತ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ. ಕೆಂಚಮ್ಮ ತಲೆ ಎತ್ತಿ ಗೋಡೆಯ ಫೋಟೋ ನೋಡಿದರು.

“ಅಂದ್ರೆ ಆ ಕಣ್ಣಿಗೆ ಇನ್ನೂ ಜೀವ ಐತೆ.”

“ಹೌದಕ್ಕ.”

“ಅದ್ಕೇ ಮತ್ತೆ.” ಅವರು ಎದ್ದು ಹಾರವನ್ನು ಸರಿ ಮಾಡಿದರು. “ನಿನ್ನ ಗಂಡ ಮೈ ಪೂರ್ತಿ ನಿನ್ನ ಮನೇಗೆ ಬತ್ತಾನೆ. ನಂಗೆ ಬಂದಿರೋದು ಇಷ್ಟೇ. ಕೊಡಾಕಿಲ್ಲ ಕಣವ್ವ. ಹೋಗು.”

ಅವತ್ತು ಸಂಜೆ ಯೋಗೇಶ್ ಅವರನ್ನು ಜೀಪು ಹತ್ತಲು ಬಿಡಲಿಲ್ಲ, ಜಗಳವಾಡಿ ಮನೆಯಲ್ಲೇ ಕೂರಿಸಿದೆ. ದೀಪದ ಹೊತ್ತಿಗೆ ಕತ್ತಲೆ ಬಂತು. ಈ ಸಲ ಅದು ಅರ್ಧ ಗಂಟೆಗೆ ಹೋಗಲಿಲ್ಲ. ಒಂದು ಗಂಟೆ ಆಯಿತು, ಎರಡಾಯಿತು. ಅಲ್ಲಿ ಕೆಂಚಮ್ಮ ದೀಪಕ್ಕೆ ಎಣ್ಣೆ ಹೊಯ್ಯುತ್ತಲೇ ಕೂತಿದ್ದಾರೆ ಅಂತ ನನಗೆ ಗೊತ್ತಾಯಿತು. ಜೀವ ಇರುವ ಕಣ್ಣು ಅಂತ ಹೇಳಿಕೊಟ್ಟವಳು ನಾನೇ ತಾನೆ.

ಆ ಹೆಂಗಸಿಗೆ ಫೋಲ್ಡರಿನ ಕಣ್ಣು ಸಾಲದು. ಇದನ್ನು ಯೋಚಿಸುತ್ತಾ ಬೆಳಗ್ಗೆ ಅಂಗಡಿಗೆ ಹೋದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಪರದೆಯ ಮುಂದೆ ಸ್ಟೂಲು ಎಳೆದುಕೊಂಡು ಕೂತು ನನ್ನದೇ ಫೋಟೋ ತೆಗೆದುಕೊಂಡೆ. ನಗಲಿಲ್ಲ. ಆಮೇಲೆ ಕೆಲಸಕ್ಕೆ ಕೂತಾಗ ಒಂದು ಶಾರ್ಟ್‌ಕಟ್ಟನ್ನೂ ಮುಟ್ಟಲಿಲ್ಲ. ಮೌಸ್ ಹಿಡಿದೆ. ಎಡಿಟ್ ಮೆನು ತೆಗೆದೆ, ಕಾಪಿ ಅಂತ ಓದಿ ಒತ್ತಿದೆ. ಪೇಸ್ಟ್ ಅಂತ ಓದಿ ಒತ್ತಿದೆ. ಅಂಟಿದ್ದು ಯಾರ ಕಣ್ಣು ಅಂತ ಮೂರು ಸಲ ನೋಡಿದೆ. ರೆಪ್ಪೆ ದಪ್ಪ ಮಾಡಿ, ಕಾಡಿಗೆ ಅಳಿಸಿ, ಗಂಡಸಿನ ಮುಖಕ್ಕೆ ಕೂರಿಸುವಷ್ಟರಲ್ಲಿ ಮಧ್ಯಾಹ್ನ ತಿರುಗಿತ್ತು. ಇಷ್ಟು ನಿಧಾನವಾಗಿ ನಾನು ಯಾವ ಕೆಲಸವನ್ನೂ ಮಾಡಿದವಳಲ್ಲ. ಕೈ ಒಂದು ಸಲವೂ ತಪ್ಪಲಿಲ್ಲ.

ಯೋಗೇಶ್ ಅವರಿಗೆ ಏನೂ ಹೇಳಲಿಲ್ಲ. ಲೈನಿನಲ್ಲಿ ಕಟ್ಟು ಹಾಕಿಸಿದ ಒಂದು ಫೋಟೋ ಕೊಟ್ಟು ಬರಬೇಕು ಅಂದಿದ್ದಕ್ಕೆ ಬೆಳಕಿರುವಾಗಲೇ ಜೀಪಿನಲ್ಲಿ ಬಿಟ್ಟು, ಕೆಳಗೆ ರಸ್ತೆಯಲ್ಲಿ ನಿಂತರು.

ಕೆಂಚಮ್ಮ ಹೊಸ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. “ಅತ್ತಂಗವ್ರೆ,” ಅಂದರು. ದನಿ ಸಣ್ಣದಾಗಿತ್ತು. “ನನಗೋಸ್ಕರ ಅತ್ತವ್ರೆ ಅಲ್ವೇನವ್ವ?” ಆಮೇಲೆ ಫೋಟೋದಿಂದ ತಲೆ ಎತ್ತಿ ನನ್ನ ಮುಖವನ್ನು ನೋಡಿದರು. ಮತ್ತೆ ಫೋಟೋ ನೋಡಿದರು. ಅವರಿಗೆ ತಿಳಿಯಿತು. ಹಳೇ ಫೋಟೋ ಇಳಿಸಿ ನನ್ನ ಕೈಗೆ ಕೊಟ್ಟು, ಹೊಸದನ್ನು ಅದೇ ಮೊಳೆಗೆ ನೇತುಹಾಕಿ, ಹಾರ ಹಾಕಿದರು. ಫೋಟೋದ ಹಣೆಗೆ ಕುಂಕುಮ ಇಟ್ಟರು. ಬತ್ತಿ ಹೊಸೆದು ದೀಪ ಹಚ್ಚಿದರು.

ಕೆಳಗಿನಿಂದ ಯೋಗೇಶ್ ಅವರ ದನಿ ಬಂತು. “ಶೀಲಾ! ದೀಪ ಹಚ್ಚೋ ಹೊತ್ತಾದ್ರೂ ಇವತ್ತು ಕಣ್ಣಿಗೆ ಏನೂ ಆಗಿಲ್ಲ ಕಣೇ! ಎಲ್ಲಾ ಕಾಣ್ತೈತೆ, ಆ ಗುಡ್ಡದ ಮೇಲಿನ ಮರಾನೂ ಕಾಣ್ತೈತೆ!”

ಬಂದೆ ಅಂತ ಕೂಗಿ ಹೊಸ್ತಿಲು ದಾಟಿದೆ. ಹಳೇ ಫೋಟೋವನ್ನು ಎದೆಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ಲೈನಿನ ಗೋಡೆ ಹುಡುಕಿದೆ.

“ಇನ್ನೂ ಬೆಳಕೈತಲ್ಲೇ,” ಅಂದರು ಯೋಗೇಶ್, ನಗುತ್ತಾ. “ಗೋಡೆ ತಡವ್ಕೊಂಡು ಯಾಕೆ ಬತ್ತಿದೀಯ?”

ನಾನು ಅವರ ದನಿ ಬಂದ ಕಡೆಗೆ ಕಾಲಿಟ್ಟೆ.